ಕಟ್ಟಕಡೆಯ ಸೊಂಟದವರೆಗೆ

ನನ್ನ ಭಾವ ಟೈಲರ್. ನಮ್ಮ ಬೀದಿಯಲ್ಲಿ ಯಾರ ಸೊಂಟ ಯಾವ ವರ್ಷ ಎಷ್ಟು ಇಂಚಿತ್ತು ಎಂಬುದು ಅವರಿಗೆ ಗೊತ್ತಿರುವಷ್ಟು ಆಯಾ ಸೊಂಟದ ಒಡೆಯರಿಗೂ ಗೊತ್ತಿಲ್ಲ. ಒಬ್ಬ ಗಿರಾಕಿಗೆ ಅಳತೆ ಪುಸ್ತಕದಲ್ಲಿ ಒಂದು ಪುಟ. ಬಂದಾಗಲೆಲ್ಲ ಆ ಪುಟದಲ್ಲಿ ಹೊಸದೊಂದು ಸಾಲು. ಹೀಗೆ ಇಪ್ಪತ್ತೆರಡು ವರ್ಷಗಳ ಸಾಲುಗಳು ಒಂಬತ್ತು ದಪ್ಪ ಪುಸ್ತಕಗಳಾಗಿ ಇಸ್ತ್ರಿ ಮೇಜಿನ ಕೆಳಗೆ ಕೂತಿವೆ. ಇತಿಹಾಸ ಬರೆಯುವವರೆಲ್ಲ ರಾಜರ ಬೆನ್ನು ಬಿದ್ದಿದ್ದಾರೆ, ನಿಜವಾದ ಇತಿಹಾಸ ನನ್ನ ಭಾವನ ಮೇಜಿನ ಕೆಳಗಿದೆ ಎಂದು ನಾನು ಎಷ್ಟೋ ಸಲ ಹೇಳಿದ್ದೇನೆ. ಯಾರೂ ಕಿವಿಗೆ ಹಾಕಿಕೊಂಡಿಲ್ಲ.

ನಾನು ಯಾರು ಎಂದು ಹೇಳುವುದನ್ನೇ ಮರೆತೆ. ಟೈಲರ್ ಅಂಗಡಿಯ ಗೋಡೆಗೆ ಅಂಟಿಕೊಂಡಿರುವ ಜೆರಾಕ್ಸ್ ಅಂಗಡಿ ನನ್ನದು. ಟೈಲರ್ ಅಂಗಡಿಯಲ್ಲಿ ಕೂತು ಗುಂಡಿ ಹಾಕುವ, ಕಾಜಾ ಹೊಲಿಯುವ, ಹೆಂಗಸರ ಅಳತೆ ತೆಗೆಯುವ ಯಜಮಾನತಿ ನನ್ನ ಒಡಹುಟ್ಟಿದ ಅಕ್ಕ. ಬೀದಿಯ ಅರ್ಜಿ, ಆಮಂತ್ರಣ, ಮನವಿ, ರಾಜೀನಾಮೆಗಳೆಲ್ಲ ನನ್ನ ಕೈಯಲ್ಲೇ ಟೈಪಾಗಿ ಹೋಗುವುದರಿಂದ ದೊಡ್ಡ ದೊಡ್ಡ ಪದಗಳೆಲ್ಲ ನನಗೆ ಮನೆಮಂದಿಯಿದ್ದ ಹಾಗೆ. ಅರ್ಥ ಕೇಳಬೇಡಿ, ಪರಿಚಯ ಮಾತ್ರ ಚೆನ್ನಾಗಿದೆ.

ಇನ್ನು ಕಥೆಗೆ ಬರೋಣ. ಮೂರು ವರ್ಷದ ಹಿಂದೆ ಭಾವನ ಅಣ್ಣ ತೀರಿಕೊಂಡರು. ಅದಕ್ಕೆ ಮುಂಚಿನ ಎರಡು ವರ್ಷದಲ್ಲಿ ಅವರು ನಾಲ್ಕು ಸಲ ಪ್ಯಾಂಟು ತಂದು "ಸ್ವಲ್ಪ ಲೂಸ್ ಮಾಡ್ಕೊಡೋ" ಅಂದಿದ್ದರು. ನಾಲ್ಕು ಸಲವೂ ಭಾವ ತಮಾಷೆ ಮಾಡುತ್ತಲೇ ಹೊಲಿಗೆ ಬಿಚ್ಚಿ ಅಗಲ ಮಾಡಿ ಕೊಟ್ಟಿದ್ದರು. ಐದನೆಯ ಸಲ ಪ್ಯಾಂಟು ಬರಲಿಲ್ಲ, ಸುದ್ದಿ ಬಂತು. ಶುಗರ್ ವಿಪರೀತ ಏರಿತ್ತಂತೆ, ಬಿಪಿಯೂ ಇತ್ತಂತೆ, ಯಾರೂ ನೋಡಿರಲಿಲ್ಲವಂತೆ. "ನೋಡಿದ್ದೆ ಕಣೋ, ಟೇಪು ಹಿಡ್ಕೊಂಡು ನಾನೇ ನೋಡಿದ್ದೆ" ಎಂದು ಭಾವ ನನ್ನ ಮುಂದೆ ಕೂತು ಅತ್ತರು. ನನಗೆ ಬರುವ ದೊಡ್ಡ ಪದಗಳಲ್ಲಿ ಒಂದೂ ಅವತ್ತು ಉಪಯೋಗಕ್ಕೆ ಬರಲಿಲ್ಲ.

ಅಂದಿನಿಂದ ಅಂಗಡಿಯಲ್ಲಿ ಒಂದು ನಿಯಮ. ಒಂದೇ ವರ್ಷದಲ್ಲಿ ಎರಡು ಸಲ ಲೂಸ್ ಮಾಡಿಸಲು ಬಂದವರು, ಇಲ್ಲವೇ ಕಾರಣವಿಲ್ಲದೆ ಟೈಟ್ ಮಾಡಿಸಲು ಬಂದವರು, ಮೊದಲು ಸಿಸ್ಟರ್ ಮುಂದಿನ ಸ್ಟೂಲಿನ ಮೇಲೆ ಕೂರಬೇಕು. ಆಮೇಲೆ ಪ್ಯಾಂಟಿನ ಮಾತು. ಸಿಸ್ಟರ್ ಅಂದರೆ ಅಂಗಡಿಯ ಮೇಲಿನ ಮನೆಯಲ್ಲಿರುವ ನಿವೃತ್ತ ನರ್ಸು. ದಿನಾ ಸಾಯಂಕಾಲ ನಾಲ್ಕರಿಂದ ಆರರವರೆಗೆ ಟ್ರಯಲ್ ರೂಮಿನ ಪರದೆಯ ಹಿಂದೆ ಕೂತು ಬಿಪಿ ನೋಡುತ್ತಾರೆ, ಬೆರಳು ಚುಚ್ಚಿ ಶುಗರ್ ನೋಡುತ್ತಾರೆ, ಅನುಮಾನ ಬಂದರೆ ಡಾಕ್ಟರ ಹತ್ತಿರ ಅಟ್ಟುತ್ತಾರೆ. ಮೂರು ವರ್ಷದಲ್ಲಿ ಮೂವತ್ತೊಂದು ಜನರನ್ನು ಅಟ್ಟಿದರು. ಹತ್ತೊಂಬತ್ತು ಜನರಿಗೆ ಏನೋ ಒಂದು ಸಿಕ್ಕಿತು. ಹತ್ತೊಂಬತ್ತೂ ಜನ ಮೊದಲು ಭಾವನನ್ನು ಬೈದರು, ಆಮೇಲೆ ಮಾತ್ರೆ ನುಂಗಿದರು, ಈಗಲೂ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದಾರೆ.

ಈ ಸಂಗತಿ ಅದು ಹೇಗೋ ದೂರದ ಒಂದು ಆರೋಗ್ಯ ಸೇವಾ ಪ್ರತಿಷ್ಠಾನದವರ ಕಿವಿಗೆ ಬಿತ್ತು. ಒಂದು ಸೋಮವಾರ ಫೋನು ಬಂತು. ಅಲ್ಲಿನ ಮೇಡಂ ಒಬ್ಬರು ಗುರುವಾರ ಸಾಯಂಕಾಲ ನಾಲ್ಕಕ್ಕೆ ಬಂದು ನೋಡುತ್ತಾರಂತೆ. ಮೆಚ್ಚಿಗೆಯಾದರೆ ಸುತ್ತಲಿನ ನಲವತ್ತು ಟೈಲರ್ ಅಂಗಡಿಗಳಲ್ಲಿ ಇದೇ ಕೆಲಸ ಶುರುಮಾಡಿಸುತ್ತಾರಂತೆ. ನಲವತ್ತು ಅಂಗಡಿಗೂ ಬಿಪಿ, ಶುಗರ್ ನೋಡುವ ಮೆಷಿನ್ನು, ನಲವತ್ತು ಟೈಲರುಗಳಿಗೂ ತರಬೇತಿ!

ಭಾವ ಫೋನಿಟ್ಟು ಕತ್ತರಿಸುತ್ತಿದ್ದ ಬಟ್ಟೆಯನ್ನು ಮರೆತು ಬೀದಿಗೆ ಬಂದರು. "ನಲವತ್ತು ಅಂಗಡಿ ಕಣೋ! ಒಂದೊಂದು ಅಂಗಡೀಲಿ ಎಷ್ಟು ಜನರ ಅಣ್ಣಂದಿರು ಬರ್ತಾರೆ, ಲೆಕ್ಕ ಹಾಕು!"

ಸಿಸ್ಟರ್ ಮೆಟ್ಟಿಲಿಳಿದು ಬಂದು ವಿಷಯ ಕೇಳಿ ಸೊಂಟದ ಮೇಲೆ ಕೈಯಿಟ್ಟರು. "ಮಗಳು ಬಾ ಬಾ ಅಂತ ಜೀವ ತಿಂತಿದ್ದಾಳೆ. ಇದು ಆಗುತ್ತೆ ಅಂದ್ರೆ ಇಲ್ಲೇ ಇರ್ತೀನಿ, ನಲವತ್ತು ಅಂಗಡಿಗೂ ನಾನೇ ಕಲಿಸ್ತೀನಿ. ಆಗಲ್ಲ ಅಂದ್ರೆ ಮೊಮ್ಮಗಳನ್ನ ಆಡಿಸೋಕೆ ಹೋಗ್ತೀನಿ. ಆಮೇಲೆ ನೀವುಂಟು, ನಿಮ್ಮ ಟೇಪುಂಟು."

ಸಿಸ್ಟರ್ ಹೋದರೆ ಕೆಲಸವೇ ನಿಂತಂತೆ. ಟೇಪಿನಿಂದ ಶುಗರ್ ನೋಡಲು ಬರುವುದಿಲ್ಲವಲ್ಲ. ಎಲ್ಲ ಆ ಗುರುವಾರದ ಮೇಲೆ ನಿಂತಿತ್ತು.

ಮಂಗಳವಾರ ಪ್ರತಿಷ್ಠಾನದಿಂದ ಒಂದು ಫಾರಂ ಬಂತು. ಹೆಸರು, ವಿಳಾಸ, ಕೆಲಸಗಾರರ ಸಂಖ್ಯೆ ಎಲ್ಲ ಸರಿ. ಕೊನೆಯಲ್ಲಿತ್ತು: "ನಿಮ್ಮ ಸಂಸ್ಥೆಯ ದೂರದೃಷ್ಟಿ ಮತ್ತು ಮೌಲ್ಯಗಳನ್ನು ತಿಳಿಸಿ." ಭಾವ ಅದನ್ನು ಎರಡು ಸಲ ಓದಿ, ಹಿಂದೆ ತಿರುಗಿಸಿ, ಅಲ್ಲೇನೂ ಇಲ್ಲದ್ದು ಕಂಡು ನನ್ನ ಕೈಗೆ ಕೊಟ್ಟರು. ಆ ಕ್ಷಣದಿಂದ ನಾನು ಗೌರವ ಕಾರ್ಯದರ್ಶಿ. ಹಾಗೆಂದು ಯಾರೂ ಹೇಳಲಿಲ್ಲ. ಬೇಡ ಎಂದೂ ಹೇಳಲಿಲ್ಲ.

ಅಂದೇ ಮಧ್ಯಾಹ್ನ ಹೊಲಿಗೆ ಮೆಷಿನ್ನುಗಳ ನಡುವೆ ಸಭೆ ಕರೆದೆ. ಹಾಜರಿದ್ದವರು ಭಾವ, ಅಕ್ಕ, ಸಿಸ್ಟರ್ ಮತ್ತು ತೋಳಿಲ್ಲದ ಒಂದು ಕೋಟು.

"ಮೊದಲು ಮೌಲ್ಯ," ಅಂದೆ.

"ಮೌಲ್ಯ ಅಂದ್ರೇನೋ?" ಅಕ್ಕ ಸೂಜಿಗೆ ದಾರ ಪೋಣಿಸುತ್ತಾ ಕೇಳಿದಳು.

"ಪ್ರಾಣ ಹೋದ್ರೂ ನಾವು ಯಾವುದನ್ನ ಬಿಡಲ್ವೋ ಅದು."

"ಹಾಗಾದ್ರೆ ನಿಮ್ಮ ಭಾವನದ್ದು ಒಂದೇ ಮೌಲ್ಯ. ಮಧ್ಯಾಹ್ನದ ನಿದ್ದೆ."

"ಹೇಳಿದ ದಿನಕ್ಕೆ ಬಟ್ಟೆ ಕೊಡೋದು ಅಂತ ಬರಿ," ಅಂದರು ಸಿಸ್ಟರ್.

ಭಾವ ಗಾಬರಿಯಾದರು. "ಅಯ್ಯೋ ಬೇಡ! ಮೇಡಂ ಯಾರನ್ನಾದ್ರೂ ಗಿರಾಕೀನ ಕೇಳಿಬಿಟ್ರೆ?"

ದೂರದೃಷ್ಟಿ ಮಾತ್ರ ನನಗೆ ಆಗಲೇ ಹೊಳೆದಿತ್ತು. ಎದ್ದು ನಿಂತು ಗಂಟಲು ಸರಿಮಾಡಿಕೊಂಡು ಓದಿದೆ: "ಜಗತ್ತಿನ ಕಟ್ಟಕಡೆಯ ಸೊಂಟದವರೆಗೆ ಆರೋಗ್ಯ!"

ಭಾವ ಮೆಲ್ಲಗೆ, "ಜಗತ್ತು ಅಂದ್ರೆ ಸ್ವಲ್ಪ ಜಾಸ್ತಿ ಆಯ್ತೇನೋ? ನನ್ನ ಹತ್ರ ಇರೋದು ಒಂದೇ ಟೇಪು," ಅಂದರು.

"ದೂರದೃಷ್ಟಿ ಅಂದ್ರೆ ದೂರ ಇರ್ಬೇಕು ಭಾವ," ಅಂದೆ. ಅವರು ಒಪ್ಪಿದರು. ಭಾವ ನನ್ನ ಮಾತನ್ನು ಒಪ್ಪಿದ್ದು ಅದೇ ಮೊದಲು. ನನ್ನ ಕಾಲು ನೆಲದ ಮೇಲೆ ನಿಲ್ಲದಾಯಿತು.

ಜಗಳ ಹತ್ತಿದ್ದು ಮೌಲ್ಯದಲ್ಲಿ. ಸಿಸ್ಟರ್ ಮೇಜು ಕುಟ್ಟಿ ಹೇಳಿದರು, "ಮೂವತ್ತೈದು ವರ್ಷ ಆಸ್ಪತ್ರೇಲಿ ದುಡಿದಿದ್ದೀನಿ. ಒಬ್ಬರ ವಿಷಯ ಇನ್ನೊಬ್ಬರ ಕಿವಿಗೆ ಬೀಳಬಾರದು. ಗೌಪ್ಯತೆ ಅಂತ ಬರಿ. ಅದೊಂದಿದ್ರೆ ಸಾಕು."

ನಾನು ಬಿಡಲಿಲ್ಲ. ಇಂಥ ಸಂಸ್ಥೆಗಳ ಮೌಲ್ಯಗಳನ್ನು ನಾನೇ ಏಳು ಸಲ ಟೈಪು ಮಾಡಿದ್ದೇನೆ. ಏಳಕ್ಕೆ ಏಳರಲ್ಲೂ ಮೊದಲನೆಯದು ಪಾರದರ್ಶಕತೆ. "ಅದಿಲ್ಲದೆ ಫಾರಂ ಕಳಿಸಿದ್ರೆ ತೆಗೆದು ನೋಡೋದೂ ಇಲ್ಲ ಸಿಸ್ಟರ್," ಅಂದೆ.

"ಎರಡನ್ನೂ ಬರ್ಕೋ ಹೋಗೋ ಪುಣ್ಯಾತ್ಮ, ಕೋಟು ಕಾಯ್ತಾ ಇದೆ," ಎಂದು ಭಾವ ಸಭೆ ಮುಗಿಸಿದರು.

ಎರಡನ್ನೂ ಬರೆದೆ. ಪಾರದರ್ಶಕತೆಯನ್ನು ದಪ್ಪಕ್ಷರದಲ್ಲಿ ಬರೆದೆ. ಗೌಪ್ಯತೆಯನ್ನು ಆದಷ್ಟೂ ಸಣ್ಣಕ್ಷರದಲ್ಲಿ, ಮೂಲೆಯಲ್ಲಿ ಬರೆದೆ. ಗೌಪ್ಯತೆ ತಾನೇ, ಕಣ್ಣಿಗೆ ಬೀಳದಿದ್ದರೇ ಒಳ್ಳೆಯದು ಎಂದುಕೊಂಡೆ. ಈಗ ಯೋಚಿಸಿದರೆ ಅಲ್ಲೇ ನನ್ನ ತಲೆ ಕೆಟ್ಟಿತ್ತು.

ಬುಧವಾರ ಮೇಡಂಗೆ ನಾನೇ ಫೋನು ಮಾಡಿ, ಗೌರವ ಕಾರ್ಯದರ್ಶಿ ಮಾತಾಡುತ್ತಿರುವುದಾಗಿಯೂ ಮೌಲ್ಯಗಳು ಸಿದ್ಧವಿರುವುದಾಗಿಯೂ ತಿಳಿಸಿದೆ. ಅವರು ನಕ್ಕು, "ಕಾಗದದ ಮೇಲಿರೋ ಮೌಲ್ಯ ಬೇಕಾದಷ್ಟು ನೋಡಿದ್ದೀನಿ ರೀ. ಅಂಗಡಿಗೆ ಕಾಲಿಟ್ಟ ತಕ್ಷಣ ನನ್ನ ಕಣ್ಣಿಗೆ ಕಾಣ್ಬೇಕು, ಅಷ್ಟೇ," ಅಂದರು.

ಕಣ್ಣಿಗೆ ಕಾಣಬೇಕು! ರಾತ್ರಿಯೆಲ್ಲ ಅದೇ ಮಾತು ಕಿವಿಯಲ್ಲಿ ಗುಂಯ್‌ಗುಟ್ಟಿತು. ಬೆಳಗಾಗುವುದರೊಳಗೆ ಏನು ಮಾಡಬೇಕೆಂದು ತೀರ್ಮಾನವಾಗಿತ್ತು.

ಗುರುವಾರ ಹನ್ನೊಂದಕ್ಕೆ ಭಾವ, ಅಕ್ಕ ಇಬ್ಬರೂ ದಾರ, ಗುಂಡಿ ತರಲು ಪೇಟೆಗೆ ಹೋದರು. ಬೀಗದ ಕೈ ನನ್ನ ಹತ್ತಿರ ಕೊಟ್ಟು, "ಅಂಗಡಿ ಸ್ವಲ್ಪ ಗುಡಿಸಿ ಇಡು, ಮೇಡಂ ಬರ್ತಾರೆ," ಅಂದರು. ಗುಡಿಸಿದೆ. ಆಮೇಲೆ ಟ್ರಯಲ್ ರೂಮಿನ ಪರದೆ ಕಣ್ಣಿಗೆ ಬಿತ್ತು. ಪಾರದರ್ಶಕ ಸಂಸ್ಥೆಯಲ್ಲಿ ಪರದೆಗೇನು ಕೆಲಸ? ಕಿತ್ತು ಒಗೆಯಲು ಲಾಂಡ್ರಿಗೆ ಹಾಕಿದೆ. ಆಮೇಲೆ ಅಳತೆ ಪುಸ್ತಕಗಳನ್ನು ಹೊರಗೆಳೆದೆ. ನಮ್ಮ ಬೀದಿಯ ನಲವತ್ತೆಂಟು ಜನರ ಪುಟಗಳನ್ನು ಆರಿಸಿ, ಸಾಲುಗಳ ಪಕ್ಕದ ಸೀಸದ ಗೀಚು ಓದುವ ಗೋಜಿಗೆ ಹೋಗದೆ, ಹೆಸರು, ಉದ್ಯೋಗ, ಮೊದಲ ಸಲದ ಸೊಂಟ, ಈಗಿನ ಸೊಂಟ, ವ್ಯತ್ಯಾಸ ಎಂದು ಐದು ಕಾಲಂ ಮಾಡಿ, ಏರಿದವರಿಗೆ ಕೆಂಪು ಬಾಣ, ಇಳಿದವರಿಗೆ ಹಸಿರು ಬಾಣ ಹಾಕಿ, ಹನ್ನೆರಡು ಹಾಳೆಗಳನ್ನು ಜೋಡಿಸಿ, ಅಂಗಡಿಯ ಮುಂದಿನ ಗಾಜಿಗೆ ಹೊರಮುಖವಾಗಿ ಅಂಟಿಸಿದೆ. ಮೇಲೆ ದಪ್ಪಕ್ಷರದಲ್ಲಿ "ನಮ್ಮ ಮೌಲ್ಯ: ಪಾರದರ್ಶಕತೆ." ಬೀದಿಯ ಆ ಬದಿಗೆ ಹೋಗಿ ನಿಂತು ನೋಡಿದೆ. ಅಲ್ಲಿಂದಲೂ ಸ್ಪಷ್ಟವಾಗಿ ಓದಬಹುದಿತ್ತು. ನನಗೆ ಹೆಮ್ಮೆಯಿಂದ ಕಣ್ಣು ತುಂಬಿತು.

ಮೊದಲು ಬಂದವನು ಬೇಕರಿ ಯಜಮಾನ. ಓದುತ್ತಾ ಓದುತ್ತಾ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಬ್ಬಬ್ಬಾ, ಏನ್ರೀ ಇದು! ಇನ್‌ಸ್ಪೆಕ್ಟರ್ ನಲವತ್ತೆರಡಾ? ಮೂವತ್ತರಿಂದ ನಲವತ್ತೆರಡಾ? ನಮ್ಮ ವ್ಯಾಯಾಮಶಾಲೆ ಮೇಷ್ಟ್ರು ಮೂವತ್ತೆಂಟಾ? ನೋಡ್ರೋ, ಬನ್ರೋ!" ಎಂದು ಬೀದಿಗೇ ಕೇಳುವಂತೆ ಕೂಗಿದ. ಜನ ಸೇರಿತು. ಆಗ ಅವನ ಬೆರಳು ಎರಡನೆಯ ಹಾಳೆಗೆ ಇಳಿಯಿತು. ನಗು ಅರ್ಧಕ್ಕೇ ನಿಂತಿತು. ಬೇಕರಿ, ಮೂವತ್ತನಾಲ್ಕು, ನಲವತ್ತಾರು, ಹನ್ನೆರಡು, ಕೆಂಪು ಬಾಣ.

"ಯಾವನೋ ಇದನ್ನ ಬರೆದವನು?"

"ನಾನೇ," ಅಂದೆ ಸಂತೋಷದಿಂದ. "ಪಾರದರ್ಶಕತೆ."

ಅಷ್ಟರಲ್ಲಿ ವ್ಯಾಯಾಮಶಾಲೆ ಮೇಷ್ಟ್ರು ಐದಾರು ಶಿಷ್ಯರ ಸಮೇತ ಓಡುತ್ತಾ ಬಂದರು. ಅವರು ದಿನಾ ಹಾಗೇ ಓಡುತ್ತಾರೆ. ಶಿಷ್ಯರು ನಿಂತು ಓದಿದರು. ಒಬ್ಬ, "ಸಾರ್, ಇದು ನಿಮ್ಮದೇ ಹೆಸರಾ?" ಅಂದ.

"ಅದು ಎದೆ ಅಳತೆ. ತಪ್ಪಿ ಸೊಂಟದ ಸಾಲಿಗೆ ಬಂದಿದೆ," ಅಂದರು ಮೇಷ್ಟ್ರು ಎದೆಯುಬ್ಬಿಸಿ. ಅಂಗಿ ಮೇಲೆದ್ದು ಉಳಿದದ್ದನ್ನೂ ತೋರಿಸಿಬಿಟ್ಟಿತು. ಶಿಷ್ಯರು ಆಕಾಶ ನೋಡಿದರು.

ಜೀಪಿನಲ್ಲಿ ಇನ್‌ಸ್ಪೆಕ್ಟರ್ ಬಂದರು. ಕೆಳಗಿಳಿದು ಓದಿದರು. ಮುಖ ಕಪ್ಪಿಟ್ಟಿತು. "ಯಾರ್ರೀ ಇದನ್ನ ಹಾಕಿದ್ದು? ಇಲಾಖೆಯ ಅಧಿಕಾರಿಯ ಸೊಂಟ ಅಂದ್ರೆ ಸಾರ್ವಜನಿಕ ಆಸ್ತಿ ಅಂತ ತಿಳ್ಕೊಂಡಿದ್ದೀರಾ?"

ಗುಂಪಿನ ಹಿಂದಿನಿಂದ ಯಾರೋ, "ಪುಣ್ಯಕ್ಕೆ ಕಳ್ಳರ ಅಳತೆ ಇಲ್ಲ ಸಾರ್, ಇದ್ದಿದ್ರೆ ಯಾಕೆ ಸಿಗ್ತಿಲ್ಲ ಅಂತ ಗೊತ್ತಾಗ್ತಿತ್ತು," ಅಂದರು. ಇನ್‌ಸ್ಪೆಕ್ಟರ್ ತಿರುಗಿ ನೋಡುವಷ್ಟರಲ್ಲಿ ಗುಂಪಿನವರೆಲ್ಲ ಹಾಲಿನಂಥ ಮುಖ ಮಾಡಿಕೊಂಡಿದ್ದರು.

ಎಲ್ಲರಿಗಿಂತ ಮೆಲ್ಲಗೆ ಬಂದವರು ಶಾಲೆಯ ಹೆಡ್‌ಮಿಸ್. ಅವರ ಬಗ್ಗೆ ನನಗೇನೂ ಭಯವಿರಲಿಲ್ಲ. ನಲವತ್ತರಿಂದ ಮೂವತ್ಮೂರಕ್ಕೆ ಇಳಿದಿದ್ದರು, ಅದೂ ಒಂದೇ ವರ್ಷದಲ್ಲಿ. ಹಸಿರು ಬಾಣದ ಪಕ್ಕ "ಅಭಿನಂದನೆಗಳು!" ಎಂದು ಬೇರೆ ಬರೆದಿದ್ದೆ. ಅವರು ಕನ್ನಡಕ ಸರಿಮಾಡಿಕೊಂಡು ನನ್ನನ್ನೇ ನೋಡಿದರು.

"ಊಟದ ಬಿಡುವಿನಲ್ಲಿ ನನ್ನ ಅಳತೇನ ಐದನೇ ಕ್ಲಾಸಿನ ಮಕ್ಕಳು ಬಾಯಿಪಾಠ ಮಾಡ್ತಿದ್ದಾರೆ. ಇಷ್ಟು ವರ್ಷ ಮಗ್ಗಿ ಕಲಿಸಿದೆ, ಒಬ್ಬರಿಗೂ ಬರಲಿಲ್ಲ. ಇದು ಒಂದೇ ಸಲಕ್ಕೆ ಬಂದಿದೆ."

ನಾನು ನಗಬೇಕೋ ಬೇಡವೋ ತಿಳಿಯದೆ ನಕ್ಕೆ. ಅವರು ನಗಲಿಲ್ಲ.

ಗದ್ದಲ ಕೇಳಿ ಸಿಸ್ಟರ್ ಮೇಲಿನಿಂದ ಇಳಿದು ಬಂದರು. ಹಾಳೆಗಳನ್ನು ನೋಡಿದರು. ಪರದೆಯಿಲ್ಲದ ಟ್ರಯಲ್ ರೂಮು ನೋಡಿದರು. ಬೈಯುತ್ತಾರೆಂದು ಕಾದೆ. ಬೈಯದೆ ತಿರುಗಿ ಮೆಟ್ಟಿಲು ಹತ್ತಿ, ಹತ್ತು ನಿಮಿಷಕ್ಕೆ ಕೈಯಲ್ಲಿ ಬಟ್ಟೆಯ ಚೀಲ, ಹೆಗಲಲ್ಲಿ ಮೆಷಿನ್ನಿನ ಚೀಲ ಹಿಡಿದು ಇಳಿದರು. "ಐದೂವರೆ ಬಸ್ಸಿಗೆ ಮಗಳ ಮನೆಗೆ ಹೊರಟೆ. ನಿಮ್ಮ ಭಾವ ಬಂದ್ರೆ ಹೇಳಿ ಹೋಗ್ತೀನಿ," ಎಂದು ಸ್ಟೂಲಿನ ಮೇಲೆ ಕೂತರು. ಪಾರದರ್ಶಕತೆಯಲ್ಲಿ ಎಲ್ಲೋ ಏನೋ ಎಡವಟ್ಟಾಗಿದೆ ಎಂಬ ಅನುಮಾನ ಮೊದಲ ಬಾರಿಗೆ ಬಂತು.

ಮೂರೂಮುಕ್ಕಾಲಿಗೆ ಭಾವ, ಅಕ್ಕ ಬಂದರು. ಮೂವತ್ತು ಜನ ಅಂಗಡಿಯ ಮುಂದೆ! ಭಾವ ಮೇಡಂ ಸ್ವಾಗತಕ್ಕೆ ಜನ ಸೇರಿದ್ದಾರೆಂದುಕೊಂಡು ನಗುತ್ತಲೇ ಬಂದರು. ಗಾಜು ನೋಡಿದರು. ಕೈಯಲ್ಲಿದ್ದ ಗುಂಡಿಯ ಡಬ್ಬಿ ಕೆಳಗೆ ಬಿದ್ದು ಗುಂಡಿಗಳು ಬೀದಿಯುದ್ದಕ್ಕೂ ಓಡಿದವು. ಅಕ್ಕ ನನ್ನ ಕಡೆ ತಿರುಗಿ, "ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ನಿನ್ನ ಕೈಗೆ ಬೀಗದ ಕೈ ಕೊಟ್ಟ ನನ್ನನ್ನ ಮೊದಲು ಹೊಡೀಬೇಕು!" ಅಂದಳು.

ಭಾವ ಹನ್ನೆರಡೂ ಹಾಳೆಗಳನ್ನು ಒಂದೊಂದಾಗಿ ಬಿಡಿಸಿ, ಅಕ್ಷರ ಒಳಗೆ ಬರುವಂತೆ ಮಡಚಿ, ಕಂಕುಳಲ್ಲಿಟ್ಟುಕೊಂಡು ನನ್ನ ಹತ್ತಿರ ಬಂದರು.

"ಇವರೆಲ್ಲ ನನ್ನ ಮುಂದೆ ಕೈಯೆತ್ತಿ ನಿಲ್ತಾರೆ ಕಣೋ. ಹೊಟ್ಟೆ ಎಳ್ಕೊಳ್ದೆ ಉಸಿರು ಬಿಟ್ಟು ನಿಲ್ತಾರೆ. ಹೆಂಡ್ತಿ ಮುಂದೂ ಹಾಗೆ ನಿಲ್ಲಲ್ಲ. ನಾನು ಯಾರಿಗೂ ಹೇಳಲ್ಲ ಅಂತ ತಾನೇ ನಿಲ್ಲೋದು?"

ನಾನು ಬಗ್ಗಿ ಬೀದಿಯಲ್ಲಿ ಚೆಲ್ಲಿದ್ದ ಗುಂಡಿಗಳನ್ನು ಆರಿಸತೊಡಗಿದೆ.

"ನಮ್ಮ ಪುಟ ನಮಗೆ ಕೊಡಿ!" ಎಂದು ಬೇಕರಿಯವನು ಕೂಗಿದ. "ಹೌದು, ಹರಿದು ಕೊಡಿ!" ಎಂದು ಮೇಷ್ಟ್ರು. "ಈ ಅಂಗಡಿಗೆ ಇನ್ನು ಕಾಲಿಡಲ್ಲ!" ಎಂದು ಇನ್ನೂ ಹತ್ತು ಗಂಟಲು. ಇನ್‌ಸ್ಪೆಕ್ಟರ್ ಲಾಠಿ ಎತ್ತಿ, "ಎಲ್ಲರೂ ಶಾಂತಿ ಕಾಪಾಡಿ. ಮೊದಲು ನನ್ನ ಪುಟ," ಅಂದರು.

ಭಾವ ಒಂಬತ್ತು ಪುಸ್ತಕಗಳನ್ನೂ ಮೇಜಿನ ಮೇಲೆ ಜೋಡಿಸಿ, ಮರದ ಸ್ಕೇಲು, ದೊಡ್ಡ ಕತ್ತರಿ ತೆಗೆದುಕೊಂಡರು. "ಹರಿದ್ರೆ ಅಂಚು ಕೆಡುತ್ತೆ. ಕತ್ತರಿಸಿ ಕೊಡ್ತೀನಿ. ನಿಮ್ಮ ಅಳತೆ, ನಿಮ್ಮದೇ." ಅಕ್ಕ ಕಣ್ಣೊರೆಸಿಕೊಂಡು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದಳು. ಇಪ್ಪತ್ತೆರಡು ವರ್ಷದ ಪುಸ್ತಕ ಕರಕರ ಕತ್ತರಿಸಿ ಹೋಗತೊಡಗಿತು. ಇನ್ನು ಯಾರ ಪ್ಯಾಂಟು ಎಷ್ಟು ಸಲ ಲೂಸಾದರೂ ಯಾರಿಗೂ ಗೊತ್ತಾಗುವುದಿಲ್ಲ. ಎಲ್ಲ ನಾನು ಮಾಡಿದ್ದು, ನಾನೊಬ್ಬನೇ.

ಸಾಲಿನ ಕೊನೆಗೆ ಬೂದು ಬಣ್ಣದ ಕೋಟಿನ, ಕೈಯಲ್ಲಿ ಫೈಲಿದ್ದ ಹೆಂಗಸೊಬ್ಬರು ಬಂದು ನಿಂತರು. ಅಕ್ಕ ತಲೆಯೆತ್ತದೆ, "ನಿಮ್ಮ ಪುಟ ಯಾವ ವರ್ಷದ್ದಮ್ಮಾ?" ಅಂದಳು.

"ನನ್ನ ಪುಟ ಇಲ್ಲ. ನಾಲ್ಕು ಗಂಟೆಗೆ ಬರ್ತೀನಿ ಅಂದಿದ್ದೆ."

ಅಕ್ಕನ ಕೈಯಿಂದ ಪುಸ್ತಕ ಜಾರಿತು. ನನಗೆ ಎಲ್ಲಿಯಾದರೂ ಬಿಲವಿದ್ದರೆ ನುಗ್ಗೋಣ ಅನಿಸಿತು. ಭಾವ ಮಾತ್ರ ಕತ್ತರಿಯನ್ನು ಕೆಳಗಿಡದೆ, "ಬನ್ನಿ ಮೇಡಂ. ಸ್ವಲ್ಪ ಕೂತಿರಿ. ಇವರದ್ದು ಇವರಿಗೆ ಕೊಟ್ಟು ಮುಗಿಸ್ತೀನಿ, ಆಮೇಲೆ ಮಾತಾಡೋಣ. ಮಾತಾಡೋಕೆ ಏನೂ ಉಳಿದಿರಲ್ಲ ಅನ್ಸುತ್ತೆ," ಅಂದರು. ಮೇಡಂ ಕೂರಲಿಲ್ಲ. ಫೈಲನ್ನು ಎದೆಗವಚಿಕೊಂಡು ನಿಂತು ನೋಡಿದರು.

ಆಮೇಲೆ ನಡೆದದ್ದನ್ನು ನಾನು ನಿರೀಕ್ಷಿಸಿರಲಿಲ್ಲ. ಪುಟ ಸಿಕ್ಕವರೆಲ್ಲ ಸಿಟ್ಟಿನಿಂದ ಹೊರಟು ಹೋಗುತ್ತಾರೆಂದುಕೊಂಡಿದ್ದೆ. ಆದರೆ ತನ್ನ ಹೆಸರಿನ ಪುಟ ಕೈಗೆ ಬಂದ ಮೇಲೆ ಯಾರು ತಾನೇ ಓದದೆ ಇರುತ್ತಾರೆ? ಬೇಕರಿಯವನು ಬಾಗಿಲಲ್ಲೇ ನಿಂತು ಓದಿದ. ಅವನ ತುಟಿ ಅಲ್ಲಾಡುತ್ತಿತ್ತು. ಮದುವೆಯ ಕೋಟು, ಮೂವತ್ತನಾಲ್ಕು. ಮಗಳು ಹುಟ್ಟಿದ ವರ್ಷದ ಪ್ಯಾಂಟು, ಮೂವತ್ತೇಳು. ಒಂದೊಂದು ಸಾಲಿನ ಪಕ್ಕದಲ್ಲೂ ಭಾವ ಸೀಸದ ಕಡ್ಡಿಯಲ್ಲಿ ಏನೋ ಗೀಚಿದ್ದರು. "ಮೆಟ್ಟಿಲು ಹತ್ತಿದ್ದಕ್ಕೆ ಏದುಸಿರು." "ಪಾದ ಊದಿದೆ, ಬೂಟು ಬಿಗಿಯಂತೆ." "ಸಿಸ್ಟರ್ ಹತ್ರ ಕೂರಿಸಬೇಕು, ಮುಂದಿನ ಸಲ ಬಿಡಬಾರದು."

"ಇದೆಲ್ಲ ಯಾವಾಗ ಬರ್ದೆ ನೀನು?" ಎಂದು ಬೇಕರಿಯವನು ಕೇಳಿದ. ದನಿ ಇಳಿದಿತ್ತು.

"ನೀನು ಹೋದ ಮೇಲೆ," ಅಂದರು ಭಾವ, ಮುಂದಿನ ಪುಟ ಕತ್ತರಿಸುತ್ತಾ.

ಬೆಂಚಿನ ಮೇಲೆ, ಮೆಟ್ಟಿಲ ಮೇಲೆ, ಜೀಪಿನ ಬಾನೆಟ್ಟಿಗೆ ಒರಗಿ, ಇಡೀ ಬೀದಿ ತನ್ನ ತನ್ನ ಪುಟ ಓದುತ್ತಿತ್ತು. ಹೆಡ್‌ಮಿಸ್ ಓದಿ ಮುಗಿಸಿದರು. ಮತ್ತೆ ಮೊದಲಿನಿಂದ ಓದಿದರು. ಆಮೇಲೆ ನೇರವಾಗಿ ಸಿಸ್ಟರ್ ಮುಂದೆ ಹೋಗಿ ನಿಂತು ಪುಟ ಚಾಚಿದರು.

"ಇಲ್ಲಿ 'ಮೂರು ತಿಂಗಳಲ್ಲಿ ಎರಡು ಸಲ ಟೈಟ್. ಎಲ್ಲರೂ ಚೆನ್ನಾಗಿ ಕಾಣ್ತೀರಿ ಅಂತಾರೆ, ನನಗೆ ಹೆದರಿಕೆ' ಅಂತ ಬರೆದಿದೆ. ನನಗೂ ಹೆದರಿಕೆ ಸಿಸ್ಟರ್. ಎಲ್ಲರೂ ಹೊಗಳ್ತಿದ್ರು, ಅದಕ್ಕೆ ಡಯಟ್ ಮಾಡ್ತಿದ್ದೀನಿ ಅಂತ ಸುಳ್ಳು ಹೇಳಿ ಸ್ಟೂಲು ತಪ್ಪಿಸ್ಕೊಂಡೆ. ರಾತ್ರಿಯೆಲ್ಲ ಬಾಯಾರಿಕೆ. ಚೀಲ ಕೆಳಗಿಡಿ. ನನ್ನದೊಂದು ನೋಡಿಬಿಟ್ಟು ಹೋಗಿ."

ಸಿಸ್ಟರ್ ಬಟ್ಟೆ ಚೀಲ ಕೆಳಗಿಟ್ಟು ಮೆಷಿನ್ನಿನ ಚೀಲ ಬಿಚ್ಚಿದರು. "ಕೂತ್ಕೊಳ್ಳಿ" ಎಂದು ಸ್ಟೂಲು ಬಿಟ್ಟುಕೊಟ್ಟವರು ತಕ್ಷಣ, "ಇಷ್ಟು ಜನರ ಮುಂದೆ ಹೇಗೆ? ಪರದೆ ಎಲ್ಲಿ?" ಅಂದರು.

"ಲಾಂಡ್ರಿಯಲ್ಲಿ," ಅಂದೆ, ನನಗೇ ಕೇಳಿಸದ ಹಾಗೆ.

ಮೂವತ್ತು ಜೊತೆ ಕಣ್ಣುಗಳು ನನ್ನನ್ನು ಸುಟ್ಟವು. ಆಗ ಇನ್‌ಸ್ಪೆಕ್ಟರ್ ತಮ್ಮ ಪುಟವನ್ನು ಮಡಚಿ ಜೇಬಿಗಿಟ್ಟು, ನೆಟ್ಟಗೆ ನಿಂತು, ಇಡೀ ಬೀದಿ ನಡುಗುವಂತೆ ಗರ್ಜಿಸಿದರು: "ಎಲ್ಲರೂ ಗೋಡೆ ಕಡೆ ತಿರುಗಿ!"

ತಿರುಗಿದರು! ಒಬ್ಬರ ಮುಖವೂ ಕಾಣದ ಹಾಗೆ ತಿರುಗಿದರು. ಬೇಕರಿಯವನು ಹೊಟ್ಟೆ ಅಡ್ಡ ಬಂದದ್ದರಿಂದ ಗೋಡೆಗೆ ಮೂಗು ಮುಟ್ಟಿಸಲಾಗದೆ ಕಣ್ಣು ಮುಚ್ಚಿಕೊಂಡ. ಮೇಷ್ಟ್ರು ಶಿಷ್ಯರ ತಲೆಗಳನ್ನು ಹಿಡಿದು ತಿರುಗಿಸಿದರು. ಅಕ್ಕ, ಭಾವ ತಿರುಗಿದರು. ಮೇಡಂ ಕೂಡ, ಫೈಲಿನ ಸಮೇತ, ನನ್ನ ಪಕ್ಕದಲ್ಲಿ ಗೋಡೆಗೆ ಮುಖ ಮಾಡಿ ನಿಂತರು. ಹಿಂದೆ ಸಿಸ್ಟರ್ ದನಿ ಪಿಸಪಿಸ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ.

"ಈ ಮೌಲ್ಯಕ್ಕೆ ಏನಂತ ಹೆಸರಿಟ್ಟಿದ್ದೀರಿ ಕಾರ್ಯದರ್ಶಿಗಳೇ?" ಎಂದು ಮೇಡಂ ಗೋಡೆಯನ್ನು ಕೇಳಿದರು.

"ಸಣ್ಣಕ್ಷರದಲ್ಲಿದೆ ಮೇಡಂ. ಮೂಲೆಯಲ್ಲಿ," ಎಂದು ನಾನೂ ಗೋಡೆಗೇ ಹೇಳಿದೆ.

"ದಪ್ಪಕ್ಷರದಲ್ಲಿ ಬರೀರಿ. ಪುಟ ಗಿರಾಕಿ ಹತ್ರಾನೇ ಇರ್ಲಿ, ಬಂದಾಗ ಅವರೇ ತರ್ಲಿ. ನಲವತ್ತು ಅಂಗಡೀಲೂ ಹಾಗೇ ಮಾಡೋಣ. ಟೈಲರವರೇ, ನಲವತ್ತು ಜನಕ್ಕೆ ಈ ಗೀಚೋದನ್ನ ಕಲಿಸ್ತೀರಾ?"

ಭಾವನ ಕಡೆ ಓರೆಗಣ್ಣಲ್ಲಿ ನೋಡಿದೆ. ಗೋಡೆಗೆ ಹಣೆ ಹಚ್ಚಿ ಅಳುತ್ತಿದ್ದರು. ಹೆಗಲು ಕುಣಿಯುತ್ತಿತ್ತು. "ಕಲಿಸ್ತಾರೆ, ಕಲಿಸ್ತಾರೆ!" ಎಂದು ಅಕ್ಕ ಕೂಗಿದಳು. "ನಾನೂ ಕಲಿಸ್ತೀನಿ, ಬಸ್ಸು ಹೋದ್ರೆ ಹೋಗ್ಲಿ!" ಎಂದು ಸಿಸ್ಟರ್ ಹಿಂದಿನಿಂದ ಕೂಗಿದರು. ಗೋಡೆಗೆ ಮುಖ ಮಾಡಿದ್ದ ಮೂವತ್ತೂ ಜನ ಚಪ್ಪಾಳೆ ತಟ್ಟಿದರು. ಹೆಡ್‌ಮಿಸ್ ಎದ್ದು, ಸಿಸ್ಟರ್ ಬರೆದುಕೊಟ್ಟ ಡಾಕ್ಟರ ಚೀಟಿಯನ್ನು ತಮ್ಮ ಪುಟದೊಳಗೆ ಮಡಚಿಟ್ಟುಕೊಂಡು ನೆಟ್ಟಗೆ ನಡೆದು ಹೋದರು.

ನಾನು ಖುಷಿಯಿಂದ ಹಾರಾಡುತ್ತಿರುವಾಗ ಬೇಕರಿಯವನು ಹಿಂದಿನಿಂದ ನನ್ನ ಭುಜ ಹಿಡಿದ. "ಅದೆಲ್ಲ ಇರ್ಲಿ. ಪಟ್ಟೀಲಿ ಇವನ ಹೆಸರು ಇರ್ಲಿಲ್ವಲ್ಲ?"

"ನನ್ನ ಪುಟವೇ ಇಲ್ಲಪ್ಪ. ನಾನು ರೆಡಿಮೇಡ್ ಗಿರಾಕಿ. ಎಲಾಸ್ಟಿಕ್," ಅಂದೆ.

ಭಾವ ಕಣ್ಣೊರೆಸಿಕೊಂಡು ತಿರುಗಿದರು. "ಎಷ್ಟು ವರ್ಷದಿಂದ?"

"ಏಳು."

"ಏಳು ವರ್ಷದಿಂದ ನನ್ನ ಗೋಡೆ ಪಕ್ಕ ಕೂತು ನನ್ನ ಟೇಪಿಗೆ ಸಿಕ್ಕಿಲ್ಲ ನೀನು," ಅಂದರು ಭಾವ. ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಭಯವಿತ್ತು. ಹಾಗಾಗಿಯೇ ನಾನು ತಪ್ಪಿಸಿಕೊಂಡು ಓಡಲಿಲ್ಲ. ನಾಲ್ಕು ಜನ ಹಿಡಿದು ಸ್ಟೂಲಿನ ಮೇಲೆ ಕೂರಿಸಿದ್ದೂ ಒಂದು ಕಾರಣ.

ಯಾರೂ ಹೇಳದೆಯೇ ಎಲ್ಲರೂ ಮತ್ತೆ ಗೋಡೆಗೆ ತಿರುಗಿದರು. ಸಿಸ್ಟರ್ ಬೆರಳು ಚುಚ್ಚಿದರು. ಮೆಷಿನ್ನು ಕುಂಯ್ ಅಂದಿತು. ಸಿಸ್ಟರ್ ನೋಡಿ, ನನ್ನ ಮುಖ ನೋಡಿ, ಮತ್ತೆ ಮೆಷಿನ್ನು ನೋಡಿ, ಅದನ್ನು ನನ್ನೊಬ್ಬನ ಕಣ್ಣಿಗೆ ಮಾತ್ರ ಕಾಣುವಂತೆ ತಿರುಗಿಸಿದರು. "ನಾಳೆ ಬೆಳಿಗ್ಗೆ ಏನೂ ತಿನ್ನದೆ ಡಾಕ್ಟರ ಹತ್ರ ಹೋಗ್ಬೇಕು. ಹೆದರ್ಬೇಡ. ಸಿಕ್ಕಿದೆಯಲ್ಲ, ಅದು ಮುಖ್ಯ," ಎಂದು ಕಿವಿಯಲ್ಲಿ ಹೇಳಿದರು.

ಅಕ್ಕ ಗೋಡೆಯ ಕಡೆಯಿಂದಲೇ, ಅಳು ತಡೆದ ದನಿಯಲ್ಲಿ ಕೇಳಿದಳು, "ಎಷ್ಟಂತೋ?"

"ಹೇಳಬಾರದು!" ಎಂದು ಇಡೀ ಬೀದಿ ಒಟ್ಟಿಗೆ ಅಬ್ಬರಿಸಿತು.

ನಾನು ಹೇಳಲಿಲ್ಲ. ಅಕ್ಕನೂ ಮತ್ತೆ ಕೇಳಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಆರೂವರೆಗೆ ಖಾಲಿ ಹೊಟ್ಟೆಯಲ್ಲಿ ಡಾಕ್ಟರ ಬಾಗಿಲಿಗೆ ಹೋದಾಗ, ಅವಳು ನನಗಿಂತ ಮುಂಚೆ ಬಂದು ಅಲ್ಲಿ ನಿಂತಿದ್ದಳು.